ಪ್ಲಾಸ್ಟಿಕ್ಕಿನ ತಲೆಗೆ ಕಟ್ಟಿದ ಕೊಬ್ಬು

ನಮ್ಮ ನಾಯಿ ಯಾಕೆ ಇಷ್ಟು ದಪ್ಪಗಾಗಿದೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಮೂವರ ಬಾಯಲ್ಲೂ ಒಂದೇ ಉತ್ತರ ಸಿದ್ಧವಾಗಿರುತ್ತಿತ್ತು: "ನಾನಂತೂ ಏನೂ ಹಾಕಲ್ಲಪ್ಪ." ಗಂಡ ಹಾಗೆನ್ನುತ್ತಿದ್ದರು, ಅತ್ತೆ ಹಾಗೆನ್ನುತ್ತಿದ್ದರು, ಮಗಳು ಅದನ್ನೇ ಇಂಗ್ಲಿಷಿನಲ್ಲಿ ಅನ್ನುತ್ತಿದ್ದಳು. ನಾಯಿ ಮಾತ್ರ ಮೂವರ ಕೈಗಳನ್ನೂ ಸರದಿಯ ಮೇಲೆ ನೋಡುತ್ತಿತ್ತು. ಅದಕ್ಕೆ ಮಾತು ಬರುತ್ತಿದ್ದರೆ ಮೂವರ ಬಣ್ಣವೂ ಅಲ್ಲೇ ಬಯಲಾಗುತ್ತಿತ್ತು.

ನಾವು ಟೊರಾಂಟೊ ಹತ್ತಿರದ ಮಿಲ್ಟನ್ನಿನ ಹೊಸ ಬಡಾವಣೆಯೊಂದರಲ್ಲಿ ಮನೆ ಮಾಡಿದ್ದು ೨೦೧೫ರಲ್ಲಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮನೆಗಳು, ಎದುರಿಗೆ ಊರುಗೋಲಿನಷ್ಟೇ ದಪ್ಪದ ಗಿಡಗಳು, ಅದರಾಚೆ ಗೋದಾಮುಗಳು. ಗಂಡ ಮೈಸೂರಿನವರು, ಸಾಫ್ಟ್‌ವೇರಿನವರು. ವಾರದಲ್ಲಿ ಎರಡೋ ಮೂರೋ ದಿನ ಬೇಸ್‌ಮೆಂಟಿನಲ್ಲೇ ಕೂತು ಕೆಲಸ ಮಾಡುತ್ತಿದ್ದರು. ನಾನು ಉಡುಪಿ ಕಡೆಯವಳು. ಊರಿನಲ್ಲಿ ದನದ ಡಾಕ್ಟರಾಗಿದ್ದೆ. ಇಲ್ಲಿ ಆ ಡಿಗ್ರಿಯನ್ನು ಯಾರೂ ಮೂಸಿ ನೋಡಲಿಲ್ಲ. ಮತ್ತೆ ಪರೀಕ್ಷೆ ಕಟ್ಟಬೇಕು ಎಂದರು. ನನಗೆ ವ್ಯವಧಾನವೂ ಇರಲಿಲ್ಲ, ಸಹನೆಯಂತೂ ಮೊದಲೇ ಇಲ್ಲ. ಟೊರಾಂಟೊದ ಒಂದು ಸಂಶೋಧನಾಲಯದಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡೆ. ಬೆಳಿಗ್ಗೆ ರೈಲು ಹಿಡಿದು ಯೂನಿಯನ್ ಸ್ಟೇಷನ್ನು, ಸಂಜೆ ಅದೇ ರೈಲಿನಲ್ಲಿ ವಾಪಸ್ಸು. "ನನ್ ವೈಫು ರಿಸರ್ಚಲ್ಲಿದಾಳೆ" ಎಂದು ಗಂಡ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಇಲಿಗಳ ಹೊಲಸು ಬಳಿಯುವುದೂ ರಿಸರ್ಚೇ ಆದರೆ ಹೌದು, ಇದ್ದೆ.

ಅದೇ ವರ್ಷ ಮಗಳು ನಾಯಿಮರಿ ಬೇಕೆಂದು ರಚ್ಚೆ ಹಿಡಿದಳು. ತಂದದ್ದು ಬೀಗಲ್ ಮರಿ, ಉದ್ದ ಕಿವಿಯದ್ದು. ಆ ಜಾತಿಗೆ ಹೊಟ್ಟೆ ತುಂಬಿತು ಎಂಬುದೇ ಗೊತ್ತಾಗುವುದಿಲ್ಲ, ಹಾಕಿದಷ್ಟೂ ತಿನ್ನುತ್ತದೆ ಎಂದು ಮೊದಲ ದಿನವೇ ಮನೆಮಂದಿಗೆಲ್ಲ ಹೇಳಿದ್ದೆ. ನಾನು ದನದ ಡಾಕ್ಟರು ತಾನೆ, ನನ್ನ ಮಾತು ಯಾರಿಗೆ ಬೇಕು? ಮರುವರ್ಷ ಮೈಸೂರಿನಿಂದ ಅತ್ತೆ ಬಂದರು. ಬಂದಾಗ "ಅಯ್ಯೋ, ನಾಯಿ ಒಳಗೇ ಇರತ್ತಾ!" ಎಂದು ಸೆರಗು ಮೂಗಿಗೆ ಹಿಡಿದ ಹೆಂಗಸು ಒಂದು ತಿಂಗಳೊಳಗೆ ಅವನನ್ನು ನಾಯಿ ಎಂದು ಕರೆಯುವವರ ಮೇಲೆ ಸಿಡುಕತೊಡಗಿದರು. ಅವರಿಗೆ ಅವನು 'ಮರಿ'. ಎಮ್ಮೆಕರುವಿನ ಗಾತ್ರಕ್ಕೆ ಬಂದ ಮೇಲೂ ಮರಿಯೇ.

ಅತ್ತೆಗೆ ಊಟಕ್ಕೆ ಮೊದಲು ಕಾಗೆಗೆ ಒಂದು ಹಿಡಿ ಅನ್ನ ಇಡುವ ಪದ್ಧತಿ. ಮಿಲ್ಟನ್ನಿನಲ್ಲೂ ಇಟ್ಟರು. ಹಿಂದಿನ ಡೆಕ್ಕಿನ ಕಟಕಟೆಯ ಮೇಲೆ ದಿನಾ ಅನ್ನದ ಮುದ್ದೆ, ಮೇಲೆ ತುಪ್ಪ. ಕಾಗೆ ಬರಲಿಲ್ಲ, ಕಸದ ತೊಟ್ಟಿ ಕೆದಕುವ ಇಲ್ಲಿನ ಕಾಡುಪ್ರಾಣಿ ರಕೂನು ಬಂತು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಮುಖ ಸಿಂಡರಿಸಿ ದೂರು ಹೇಳಿದಳು. ಆಮೇಲೆ ಕಾಗೆಯ ಪಾಲು ಮರಿಯ ಪಾಲಾಯಿತು. "ಯಾವ ಜೀವ ತಿಂದ್ರೂ ಪಿತೃಗಳಿಗೇ ಸೇರತ್ತೆ ಕಣಮ್ಮ" ಎಂದರು ಅತ್ತೆ. ನಮ್ಮ ಮಾವನವರ ಕಡೆಯ ಪಿತೃಗಳಿಗೆ ಅಷ್ಟೊಂದು ಹಸಿವೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಬೆಳಗಿನ ದೋಸೆಗೆ ಮೊದಲು, ಮಧ್ಯಾಹ್ನದ ಊಟಕ್ಕೆ ಮೊದಲು, ಸಂಜೆ ಚಕ್ಕುಲಿಗೆ ಮೊದಲು ಅವರಿಗೆ ಪಾಲು ಹೋಗುತ್ತಿತ್ತು. ಗಂಡ ಬೇಸ್‌ಮೆಂಟಿನಿಂದ ಕಾಫಿಗೆ ಮೇಲೆ ಬಂದವರು ಬಿಸ್ಕೆಟ್ಟಿನ ಅರ್ಧ ಮುರಿದು ಹಾಕುತ್ತಿದ್ದರು. ಮಗಳು ತನಗೆ ಬೇಡದ ಪಲ್ಯ ಚಪಾತಿಯನ್ನೆಲ್ಲ ಮೇಜಿನ ಅಡಿಯಿಂದ ಸಾಗಿಸುತ್ತಿದ್ದಳು. ಯಾರನ್ನು ಕೇಳಿದರೂ ಒಂದೇ ತುತ್ತು. ಒಂದೊಂದೇ ತುತ್ತು ಹಾಕುವವರು ಮೂವರು ಇದ್ದರೆ ತಿನ್ನುವವನು ಒಬ್ಬನೇ ಎಂಬ ಲೆಕ್ಕ ಇಂಜಿನಿಯರಿಂಗ್ ಓದಿದವರಿಗೂ ಬರಲಿಲ್ಲ.

ವರ್ಷದ ತಪಾಸಣೆಗೆ ಹೋದಾಗ ಮಿಲ್ಟನ್ನಿನ ನಾಯಿ ಡಾಕ್ಟರಮ್ಮ ಅವನ ಪಕ್ಕೆಯ ಮೇಲೆ ಅಂಗೈ ಇಟ್ಟು, ನನ್ನ ಕೈಯನ್ನೂ ಎಳೆದು ಅಲ್ಲೇ ಇಡಿಸಿದಳು. "ಮೂಳೆ ಸಿಗುತ್ತದಾ?" ಎಂದು ಕೇಳಿದಳು. ಎಲ್ಲಿಂದ ಸಿಗಬೇಕು? ದಿಂಬು ಒತ್ತಿದ ಹಾಗಿತ್ತು. ಇದೇ ರೀತಿ ಹೋದರೆ ಕೀಲು ಕೆಡುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಜಿಡ್ಡಿನ ಒಂದು ದೊಡ್ಡ ಊಟ ಸಾಕು, ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು ಎಂದು ಬಿಡಿಸಿ ಹೇಳಿದಳು. ಅದೆಲ್ಲ ನನಗೂ ಗೊತ್ತಿದ್ದದ್ದೇ. ಏನು ಹಾಕುತ್ತೀರಿ ಎಂದು ಕೇಳಿದಾಗ ಗಂಡ ಕಣ್ಣು ಮಿಟುಕಿಸದೆ, "ಪ್ಯಾಕೆಟ್ ಫುಡ್ ಅಷ್ಟೇ" ಎಂದರು. ನಾಯಿಯ ಮೀಸೆಯಲ್ಲಿ ಆಗಲೂ ಉಪ್ಪಿಟ್ಟಿನ ರವೆ ಅಂಟಿಕೊಂಡಿತ್ತು.

ಮನೆಗೆ ಬಂದು ನಾನು ಕೂಗಾಡಿದೆ. "ಇವನು ಬದುಕಬೇಕಾ ಬೇಡವಾ, ಅದೊಂದು ಹೇಳಿ ಮಾರಾಯ್ರೆ. ಬದುಕಬೇಕು ಅಂತಾದ್ರೆ ಇವತ್ತಿಂದ ನನ್ನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಒಂದು ಕಾಳು ಹೋಗ್ಲಿಕ್ಕಿಲ್ಲ." ಮೂವರೂ ತಲೆಯಾಡಿಸಿದರು. ಮೂವರೂ ಕೆಲವು ದಿನ ಬಲು ಸಾಧುಗಳಂತೆ ಇದ್ದರು. ನಾನು ರೈಲು ಹತ್ತಿದ ಮೇಲೆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದಕ್ಕೆ ನಾಯಿಯ ಸೊಂಟವೇ ಸಾಕ್ಷಿಯಾಗಿತ್ತು.

ಈ ಮಧ್ಯೆ ೨೦೧೭ರಲ್ಲಿ ನಮ್ಮ ಲ್ಯಾಬಿಗೆ ಪ್ಲಾಸ್ಟಿಕ್ ಬಂತು. ಬಂತು ಎಂದರೆ, ಅದುವರೆಗೆ ಇರಲಿಲ್ಲವೆಂದಲ್ಲ. ಇಲಿಗಳ ಪೆಟ್ಟಿಗೆ ಪ್ಲಾಸ್ಟಿಕ್ಕು, ನೀರಿನ ಬಾಟಲಿ ಪ್ಲಾಸ್ಟಿಕ್ಕು, ನಮ್ಮ ಕೈಗವಸು ಪ್ಲಾಸ್ಟಿಕ್ಕು. ಈಗ ಬಂದದ್ದು ಪ್ರಯೋಗಕ್ಕೆ ಅಳೆದು ಹಾಕುವ ಪ್ಲಾಸ್ಟಿಕ್ಕು. ನಾವು ಊರಿನಲ್ಲಿ ಥರ್ಮೋಕೋಲ್ ಎನ್ನುತ್ತೇವಲ್ಲ, ಅದೇ ವಸ್ತುವಿನ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳು. ಕೆಲವು ಇಲಿಗಳ ಕುಡಿಯುವ ನೀರಿಗೆ ಅದನ್ನು ಬೆರೆಸುವುದು, ಕೆಲವಕ್ಕೆ ಬರಿ ನೀರು. ಎರಡು ಕಡೆಯಲ್ಲೂ ಅರ್ಧ ಇಲಿಗಳಿಗೆ ಮಾಮೂಲಿ ಆಹಾರ, ಇನ್ನರ್ಧಕ್ಕೆ ಕೊಬ್ಬು ಬೆರೆಸಿದ ಆಹಾರ. ಬರಿ ನೀರಿನವಕ್ಕೂ ಪ್ಲಾಸ್ಟಿಕ್ ಬಾಟಲಿಯಲ್ಲೇ ನೀರು ಹೋಗುತ್ತಿದೆಯೆಂದು ಯಾರಿಗೋ ಹೊಳೆದದ್ದು ಎಲ್ಲ ಶುರುವಾದ ಮೇಲೆ. ಮತ್ತೆ ಗಾಜಿನ ಬಾಟಲಿ ತರಿಸಿ, ಹೊಸ ಇಲಿಗಳೊಂದಿಗೆ ಮೊದಲಿನಿಂದ ಆರಂಭಿಸಿದೆವು. ದೊಡ್ಡ ದೊಡ್ಡ ಡಿಗ್ರಿಯವರು ಹಣೆ ಚಚ್ಚಿಕೊಂಡದ್ದನ್ನು ನೋಡಿ ನನಗೆ ಒಳಗೊಳಗೇ ನಗು ಬಂದಿತ್ತು. ಪ್ಲಾಸ್ಟಿಕ್ ಮುಟ್ಟದ ಇಲಿಯೇ ಈ ಊರಿನಲ್ಲಿ ಸಿಗುವುದಿಲ್ಲ, ಅದನ್ನು ಹುಡುಕಿಕೊಂಡು ಹೊರಟವರು ಇವರು!

ಆದರೆ ತೂಕ ಹಾಕುವವಳು ನಾನು. ದಿನ ಹೋದ ಹಾಗೆ ಕಂಡದ್ದನ್ನು ಇಲ್ಲ ಎನ್ನಲಾರೆ. ಕೊಬ್ಬಿನ ಆಹಾರ ತಿಂದ ಇಲಿಗಳೆಲ್ಲ ದಪ್ಪಗಾದವು, ಅದು ಸರಿಯೇ. ಅದರಲ್ಲೂ ಪ್ಲಾಸ್ಟಿಕ್ ನೀರು ಕುಡಿದವು ಇನ್ನೂ ಹೆಚ್ಚು ದಪ್ಪಗಾದ ಹಾಗೆ ಕಾಣುತ್ತಿತ್ತು. ತಿಂದದ್ದು ಅದೇ ಆಹಾರ, ಅಷ್ಟೇ ಆಹಾರ. ಮಾಮೂಲಿ ಆಹಾರದವುಗಳಲ್ಲಿ ತೂಕದ ವ್ಯತ್ಯಾಸ ಅಂಥಾದ್ದೇನೂ ಇರಲಿಲ್ಲ. ಆದರೂ ಕೊಯ್ದು ನೋಡಿದಾಗ ಪ್ಲಾಸ್ಟಿಕ್ ಕುಡಿದ ಕೆಲವುಗಳ ಯಕೃತ್ತು ಕೆಂಪಾಗಿರುವ ಬದಲು ಹಳದಿಗೆ ತಿರುಗಿತ್ತು, ಜಿಡ್ಡು ತುಂಬಿತ್ತು. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯ ಪದರ ತೆಳ್ಳಗಾಗಿತ್ತು. ತಿಂದದ್ದನ್ನು ಮೈ ಉರಿಸಬೇಕೋ ಕೂಡಿಡಬೇಕೋ ಎಂಬ ತೀರ್ಮಾನದಲ್ಲಿ ಕರುಳಿನ ಸೂಕ್ಷ್ಮಜೀವಿಗಳಿಗೂ ಪಾಲುಂಟು, ಪ್ಲಾಸ್ಟಿಕ್ಕು ಅಲ್ಲಿ ಕೈಹಾಕುತ್ತಿರಬಹುದು ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. 'ಇರಬಹುದು' ಎಂಬುದಕ್ಕಿಂತ ಒಂದು ಹೆಜ್ಜೆ ಮುಂದಿಡಲು ಆ ಮನುಷ್ಯ ಯಾರನ್ನೂ ಬಿಡುತ್ತಿರಲಿಲ್ಲ.

ನನಗೆ ಆಗ ನೆನಪಾಗುತ್ತಿದ್ದದ್ದು ಊರಿನ ಆಸ್ಪತ್ರೆಯ ದನಗಳು. ಪೇಟೆಯಲ್ಲಿ ಅಲೆದು ಕವರು ಸಮೇತ ಕೊಳೆತ ಅನ್ನ ತಿಂದವು. ಹೊಟ್ಟೆ ಕೊಯ್ದರೆ ಹಗ್ಗ ಹೊಸೆದ ಹಾಗೆ ಪ್ಲಾಸ್ಟಿಕ್ಕು ಬರುತ್ತಿತ್ತು, ತೋಳುದ್ದ ಎಳೆದರೂ ಮುಗಿಯುತ್ತಿರಲಿಲ್ಲ. ಹೊಟ್ಟೆ ತುಂಬಿದೆ ಎಂದುಕೊಂಡು ಆ ಮೂಕಪ್ರಾಣಿಗಳು ಮೇವು ಬಿಟ್ಟು, ಎಲುಬು ಎದ್ದು, ನಿಂತಲ್ಲೇ ಕುಸಿಯುತ್ತಿದ್ದವು. ಅಲ್ಲಿ ಪ್ಲಾಸ್ಟಿಕ್ಕು ಉಪವಾಸ ಕೆಡವಿ ಕೊಲ್ಲುತ್ತಿತ್ತು, ಇಲ್ಲಿ ನುಣ್ಣಗೆ ಪುಡಿಯಾಗಿ ಬಂದು ಕೊಬ್ಬಿಸುತ್ತಿತ್ತು. ಇದನ್ನು ಯೋಚಿಸುತ್ತ ನಾನು ರೈಲಿನಲ್ಲಿ ಕೂತಿದ್ದರೆ ಎದುರು ಸೀಟಿನವರು ಪ್ಲಾಸ್ಟಿಕ್ ಲೋಟದಲ್ಲಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಏನನ್ನೋ ಸೊರ್‍ರೆಂದು ಹೀರುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಂಡ ನನ್ನ ಕೆಲಸದ ಬಗ್ಗೆ ಕೇಳಿದರು. ಅಪರೂಪಕ್ಕೆ ಕೇಳುತ್ತಿದ್ದಾರಲ್ಲ ಎಂದು ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದ ಹಾಗೆ ಅವರ ಮುಖ ಅರಳತೊಡಗಿತು. ಪರೀಕ್ಷೆಗೆ ಓದದೆ ಹೋದವನಿಗೆ ಉತ್ತರಪತ್ರಿಕೆ ಸಿಕ್ಕಿದರೆ ಹೇಗೆ ಅರಳುತ್ತದೋ ಹಾಗೆ.

"ಹಂಗಾದ್ರೆ ಇವನದ್ದೂ ಅದೇ!" ಎಂದು ಮೇಜು ಕುಟ್ಟಿದರು. "ನೋಡು, ಅವನ ಬೌಲು ಪ್ಲಾಸ್ಟಿಕ್. ಕಚ್ಚಿ ಕಚ್ಚಿ ಅಂಚೆಲ್ಲ ತಿಂದಾಕಿದಾನೆ. ಆಟದ ಸಾಮಾನೆಲ್ಲ ಪ್ಲಾಸ್ಟಿಕ್. ಇದು ಕ್ಯಾಲರಿ ಪ್ರಾಬ್ಲಮ್ ಅಲ್ಲ ಕಣೇ, ಇದು ಮೈಕ್ರೋಪ್ಲಾಸ್ಟಿಕ್ ಪ್ರಾಬ್ಲಮ್."

"ಅದಲ್ಲ ಮಾರಾಯ್ರೆ. ಮಾಮೂಲಿ ತಿಂದ ಇಲಿಗೆ ತೂಕದಲ್ಲಿ ಅಂಥ ವ್ಯತ್ಯಾಸ ಇಲ್ಲ ಅಂತ ಈಗಷ್ಟೇ ಹೇಳಿದೆ. ಕೊಬ್ಬು ತಿಂದದ್ದಕ್ಕೆ ಇದು ಇನ್ನೂ ಕೆಟ್ಟದು ಮಾಡ್ತದೆ, ಅಷ್ಟೇ. ಅದೂ ಇರಬಹುದು ಅಂತ."

"ಅದೇ ತಾನೇ ನಾನ್ ಹೇಳಿದ್ದು?"

ಅದಲ್ಲ ಅವರು ಹೇಳಿದ್ದು. ಆದರೆ ಬೇಕಾದ ಅರ್ಧ ವಾಕ್ಯ ಕಿವಿಗೆ ಬಿದ್ದಾಗಿತ್ತು, ಉಳಿದರ್ಧಕ್ಕೆ ಬಾಗಿಲು ಮುಚ್ಚಿತ್ತು. ಅತ್ತೆ ಕೈಯಲ್ಲಿದ್ದ ತುತ್ತನ್ನು ನೋಡಿದರು, ನನ್ನನ್ನು ನೋಡಿದರು. "ಅಂದ್ರೆ ನಾವ್ ಹಾಕೋದ್ರಿಂದಲ್ಲ ಅಂತಾಯ್ತು" ಎಂದು ಮೆಲ್ಲಗೆ ಅಂದರು. ಅವರ ಮುಖದಲ್ಲಿ ಇಳಿದ ನೆಮ್ಮದಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನದಿಂದ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಸಂಹಾರ. ಇಲ್ಲಿನ ಕನ್ನಡದವರ ಮನೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕೆ? ಮೊಸರಿನ ಟಬ್ಬು ಖಾಲಿಯಾದರೆ ಅದರಲ್ಲಿ ಸಾರು, ಐಸ್‌ಕ್ರೀಮ್ ಡಬ್ಬಿ ತೆರೆದರೆ ಅದರಲ್ಲಿ ಹುರುಳಿಕಾಳು, ಫ್ರೀಜರಿನಲ್ಲಿ ಯಾವ ಡಬ್ಬಿಯ ಮೇಲಿನ ಚಿತ್ರಕ್ಕೂ ಒಳಗಿನ ಪದಾರ್ಥಕ್ಕೂ ಸಂಬಂಧವಿಲ್ಲ. ಅದನ್ನೇ ಮೈಕ್ರೋವೇವಿಗೆ ತಳ್ಳಿ ಕುದಿಸುವುದು. ಈ ಟಬ್ಬುಗಳನ್ನು ಬಿಸಾಡಿ ಎಂದು ನಾನು ವರ್ಷಗಟ್ಟಲೆ ಬಡಿದುಕೊಂಡಿದ್ದೆ. ಈಗ ಗಂಡನೇ ಎರಡು ಚೀಲ ತುಂಬಿ ಹೊರಗೆ ಇಟ್ಟರು. ಅದರಲ್ಲಿ ಅರ್ಧವನ್ನು ಅತ್ತೆ ತೊಳೆದು ಬೇಸ್‌ಮೆಂಟಿನಲ್ಲಿ ಬಚ್ಚಿಟ್ಟರು ಎಂಬುದು ಬೇರೆ ಮಾತು. ನಾಯಿಗೆ ಸ್ಟೀಲಿನ ತಟ್ಟೆ ಬಂತು. ಸ್ಟೀಲಿನ ನೀರಿನ ಬೋಗುಣಿ ಬಂತು. ಹತ್ತಿಯ ಹಾಸಿಗೆ, ಹಗ್ಗದ ಆಟಿಕೆ, ಎಲ್ಲ ಬಂತು. ಹೊಸ ತಟ್ಟೆ ಹಳೆಯದಕ್ಕಿಂತ ದೊಡ್ಡದಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ಮೂವರಿಗೂ ಕಳ್ಳತನದ ಅಗತ್ಯ ಬೀಳಲಿಲ್ಲ. ನನ್ನ ಎದುರಿಗೇ ಹಾಕತೊಡಗಿದರು. ನಾನು ಬಾಯಿ ತೆರೆದರೆ ಗಂಡ, "ಸ್ಟೀಲ್ ಬೌಲಲ್ಲಿ ತಾನೇ ಹಾಕ್ತಿರೋದು?" ಎನ್ನುತ್ತಿದ್ದರು. ಮಗಳು "ಚಿಲ್, ಅಮ್ಮಾ, ಇಟ್ಸ್ ಪ್ಲಾಸ್ಟಿಕ್ ಫ್ರೀ" ಎನ್ನುತ್ತಿದ್ದಳು. ನಾಯಿ ನಡೆಯುವಾಗ ಏದುಸಿರು ಬಿಡುತ್ತಿತ್ತು, ಮೆಟ್ಟಿಲು ಹತ್ತಲು ಎರಡು ಸಲ ಯೋಚಿಸುತ್ತಿತ್ತು. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಹಳೇ ಪ್ಲಾಸ್ಟಿಕ್ಕು ಮೈಯಿಂದ ಹೊರಗೆ ಬರಲು ಸಮಯ ಬೇಕಂತೆ!

ಗಂಡನ ಜ್ಞಾನ ಮನೆಯೊಳಗೆ ಹಿಡಿಸಲಿಲ್ಲ. ಮಿಲ್ಟನ್ನಿನ ಕನ್ನಡದವರದ್ದೊಂದು ವಾಟ್ಸ್ಯಾಪ್ ಗುಂಪು ಇತ್ತು. ಬಾಡಿಗೆಗೆ ಬೇಸ್‌ಮೆಂಟು, ಹಬ್ಬಕ್ಕೆ ಬಾಳೆಎಲೆ, ಬೆಳಗ್ಗೆದ್ದರೆ ಗುಲಾಬಿ ಹೂವಿನ ಶುಭೋದಯ. ಅದರಲ್ಲಿ ಇವರು ದಿನಾ ಮೈಕ್ರೋಪ್ಲಾಸ್ಟಿಕ್ ಹಾಕತೊಡಗಿದರು. "ನನ್ ವೈಫ್ ಲ್ಯಾಬಲ್ಲಿ ಪ್ರೂವ್ ಆಗಿದೆ" ಎಂದು ಬರೆದರು. ಪ್ರೂವ್ ಎಂಬ ಪದ ಕೇಳಿದರೆ ನಮ್ಮ ಪ್ರೊಫೆಸರಿಗೆ ಎದೆ ಒಡೆಯುತ್ತಿತ್ತು. ಗುಂಪಿನವರಿಗೆ ಅದು ಹಬ್ಬದ ಸುದ್ದಿಯಾಯಿತು. ಥೈರಾಯ್ಡಿನವರು, ಹೊಟ್ಟೆ ಬಂದವರು, ಜಿಮ್ಮಿಗೆ ದುಡ್ಡು ಕಟ್ಟಿ ಹೋಗದವರು, ಎಲ್ಲರೂ ತಮ್ಮ ತಮ್ಮ ಕೊಬ್ಬನ್ನು ತಂದು ಪ್ಲಾಸ್ಟಿಕ್ಕಿನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು.

೨೦೧೮ರ ರಾಜ್ಯೋತ್ಸವಕ್ಕೆ ಇವರದ್ದೇ ಭಾಷಣ. ಯಾವುದೋ ಶಾಲೆಯ ಜಿಮ್ಮನ್ನು ಬಾಡಿಗೆಗೆ ಹಿಡಿದಿದ್ದರು. ಹೊರಗೆ ಮೊದಲ ಹಿಮ ಜಿನುಗುತ್ತಿತ್ತು, ಒಳಗೆ ರೇಷ್ಮೆ ಸೀರೆಗಳು, ಬಾಗಿಲ ಬಳಿ ಬೂಟುಗಳ ಗುಡ್ಡೆ. ಮಕ್ಕಳ ಕುಣಿತವಾದ ಮೇಲೆ ನನ್ನ ಗಂಡ ಮೈಕು ಹಿಡಿದು ಪರದೆಯ ಮೇಲೆ ಚಿತ್ರ ತೋರಿಸಿದರು. ಇಲಿಯ ಚಿತ್ರ, ಕರುಳಿನ ಚಿತ್ರ, ಕೊನೆಗೆ ನಮ್ಮ ನಾಯಿಯ ಚಿತ್ರ. "ಇವನು ಇದಕ್ಕೆ ಬಲಿಪಶು" ಎಂದರು. ಜನ ಅಯ್ಯೋ ಎಂದು ತುಟಿ ಲೊಚಗುಟ್ಟಿದರು. ಚಿತ್ರದಲ್ಲಿ ನಾಯಿಯ ಬಾಯಿಂದ ನಿಪ್ಪಟ್ಟಿನ ಚೂರು ಇಣುಕುತ್ತಿತ್ತು. ಬಲಿಪಶುವಿನ ಬಾಯಲ್ಲಿ ನಿಪ್ಪಟ್ಟು ಯಾಕಿದೆ ಎಂದು ಒಬ್ಬರೂ ಕೇಳಲಿಲ್ಲ.

ಭಾಷಣ ಮುಗಿದು ಚಪ್ಪಾಳೆ ಆಯಿತು. ಊಟಕ್ಕೆ ಸಾಲು ನಿಂತರು. ಊಟ ಯಾವುದರಲ್ಲಿ? ಥರ್ಮೋಕೋಲ್ ತಟ್ಟೆಯಲ್ಲಿ. ಹಬೆಯಾಡುವ ಬಿಸಿಬೇಳೆಬಾತು, ಅದರ ಮೇಲೆ ತುಪ್ಪ, ಪ್ಲಾಸ್ಟಿಕ್ ಚಮಚ. ಬಿಸಿಗೆ ತಟ್ಟೆಯ ತಳ ಮೆತ್ತಗಾಗಿ ಕೆಲವರು ಎರಡೆರಡು ತಟ್ಟೆ ಜೋಡಿಸಿ ಹಿಡಿದಿದ್ದರು. ನಾವು ಲ್ಯಾಬಿನಲ್ಲಿ ಇಲಿಗಳಿಗೆ ಸೂಜಿಮೊನೆಯಷ್ಟು ಅಳೆದು ಕೊಡುತ್ತಿದ್ದ ವಸ್ತುವಿನದ್ದೇ ತಟ್ಟೆಗಳು ಅಲ್ಲಿ ಗೋಪುರದಂತೆ ಪೇರಿಸಿಕೊಂಡು ಕೂತಿದ್ದವು. ನಾನು ಗಂಡನ ಪಕ್ಕ ಹೋಗಿ, "ಎಂತ ಇದು, ನಿಮ್ಮ ಭಾಷಣದ ಮುಂದಿನ ಭಾಗವಾ?" ಎಂದು ಕೇಳಿದೆ. "ಇವತ್ತೊಂದು ದಿನ ತಾನೇ, ಕಮಿಟಿಯವರು ತಂದಿದ್ದು. ಸೀನ್ ಮಾಡ್ಬೇಡ ಪ್ಲೀಸ್" ಎಂದು ಹಲ್ಲು ಕಚ್ಚಿ ಅಂದರು. ಎರಡನೆಯ ಸಲ ಬಡಿಸಿಕೊಂಡು ಬಂದರು. ಮನೆಗೆ ಹೊರಡುವಾಗ ಉಳಿದ ಬಾತನ್ನು ಒಂದು ಮೊಸರಿನ ಟಬ್ಬಿನಲ್ಲಿ ತುಂಬಿಸಿಕೊಂಡರು, ನಾಯಿಗೆ!

ಆ ದಿನ ಕಾರಿನಲ್ಲಿ ನಾನು ಒಂದೇ ಮಾತು ಹೇಳಿದೆ. "ಪ್ಲಾಸ್ಟಿಕ್ಕು ಕೆಟ್ಟದ್ದೇ, ನಾನು ಇಲ್ಲ ಹೇಳುದಿಲ್ಲ. ಕಣ್ಣಾರೆ ನೋಡಿದ್ದೇನೆ. ಆದ್ರೆ ನಮ್ಮ ಇಲಿಗಳಿಗೆ ಯಾರೂ ಪ್ರೀತಿಯಿಂದ ಬಿಸಿಬೇಳೆಬಾತು ಹಾಕುದಿಲ್ಲ. ಅದನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಬರೆದಿದ್ದೀರಿ?"

"ನೀನೇ ರಿಸರ್ಚ್ ಮಾಡ್ತೀಯ, ನೀನೇ ನಂಬಲ್ಲ" ಎಂದರು ಗಂಡ. ಹಿಂದಿನ ಸೀಟಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು.

ಆ ಚಳಿಗಾಲ ಕೆಟ್ಟದಾಗಿತ್ತು. ಕಾಲುದಾರಿಯ ಮೇಲೆ ಮಂಜುಗಡ್ಡೆ, ಅದರ ಮೇಲೆ ಎರಚಿದ ಉಪ್ಪು ನಾಯಿಯ ಪಾದಕ್ಕೆ ಉರಿ. ಗಂಡ ಬಾಗಿಲು ತೆರೆದು ಹಿತ್ತಿಲಿಗೆ ಬಿಟ್ಟು, ಗಾಜಿನ ಹಿಂದೆ ನಿಂತು ಕಾದು, ಒಳಗೆ ಕರೆದುಕೊಂಡರೆ ಅದೇ ವಾಕಿಂಗು. ಶನಿವಾರ ಭಾನುವಾರ ನಾನು ಎಳೆದುಕೊಂಡು ಹೋದರೂ ಬೀದಿಯ ತಿರುವಿನಲ್ಲೇ ಕೂತುಬಿಡುತ್ತಿದ್ದ. ಒಮ್ಮೆ ಅವನನ್ನು ಎತ್ತಿಕೊಂಡು ಬರಲು ಹೋಗಿ ನನ್ನ ಸೊಂಟವೇ ಹಿಡಿಯಿತು. ಅವನು ಬೈಗುಳ ಕೇಳುತ್ತ ನನ್ನ ಕೆನ್ನೆ ನೆಕ್ಕಿದ. ನನಗೂ ಅವನೆಂದರೆ ಜೀವ. ಅದಕ್ಕೇ ಇಷ್ಟು ಸಿಟ್ಟು ಬರುತ್ತಿದ್ದದ್ದು, ಬೇರೆ ಯಾರ ನಾಯಿಯೋ ಆಗಿದ್ದರೆ ಏನಾದರೂ ಮಾಡಿಕೊಳ್ಳಲಿ ಎಂದು ಬಿಡುತ್ತಿದ್ದೆ.

೨೦೧೯ರ ಯುಗಾದಿ ವಾರಾಂತ್ಯದಲ್ಲೇ ಬಂತು. ಹೋಳಿಗೆ, ಅದನ್ನು ಮುಳುಗಿಸುವಷ್ಟು ತುಪ್ಪ. ಹಬ್ಬದ ದಿನ ನಾನು ಅವನನ್ನು ಕಾಲ ಬಳಿ ಕಟ್ಟಿಕೊಂಡೇ ಕೂತಿದ್ದೆ. ಯಾರಿಗೂ ಹಾಕಗೊಡಲಿಲ್ಲ. ಸೋಮವಾರ ಕೆಲಸಕ್ಕೆ ಹೋದೆ. ಅಡುಗೆಮನೆಯಲ್ಲಿ ಒಂದು ಡಬ್ಬಿ ಹೋಳಿಗೆ ಉಳಿದಿತ್ತು.

ಸಂಜೆ ಬಂದು ಬಾಗಿಲು ತೆರೆದರೆ ಅವನು ಓಡಿಬರಲಿಲ್ಲ. ಸೋಫಾದ ಪಕ್ಕ ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ನಮಸ್ಕಾರ ಮಾಡಿದ ಹಾಗೆ ನಿಂತಿದ್ದ. ಹೊಟ್ಟೆ ಮುಟ್ಟಿದರೆ ಕುಂಯ್ ಎಂದ. ಕಾರ್ಪೆಟ್ಟಿನ ಮೇಲೆ ಎರಡು ಮೂರು ಕಡೆ ವಾಂತಿ, ಹಳದಿ ಕಣಕದ ಚೂರುಗಳು, ತುಪ್ಪದ ವಾಸನೆ. ಇದೇನೆಂದು ಹೇಳಲು ನನಗೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಬೇಸ್‌ಮೆಂಟಿನಿಂದ ಮೇಲೆ ಬಂದ ಗಂಡ, "ಬೆಳಿಗ್ಗೆ ಚೆನ್ನಾಗೇ ಇದ್ದನಲ್ಲ" ಎಂದರು.

ತುರ್ತು ಆಸ್ಪತ್ರೆಗೆ ಎಲ್ಲರೂ ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆದು, ಏನು ತಿಂದಿದ್ದಾನೆ ಎಂದು ಕೇಳಿದ. ಗಂಡ ನೆಟ್ಟಗೆ ನಿಂತು, ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಪೂರ್ತಿ ತೆಗೆದುಹಾಕಿದ್ದೇವೆ, ಸ್ಟೀಲ್ ಬೌಲು ಇದೆ, ಆದರೂ ಹಳೆಯ ಮೈಕ್ರೋಪ್ಲಾಸ್ಟಿಕ್ ಪರಿಣಾಮ ಇರಬಹುದು ಎಂದು ಶುರುಮಾಡಿದರು. ಡಾಕ್ಟರು ಅರ್ಥವಾಗದೆ ನನ್ನ ಮುಖ ನೋಡಿದ.

"ಸಾಕು ಮಾಡಿ!" ನನ್ನ ಕೂಗಿಗೆ ಪಕ್ಕದ ಕೋಣೆಯ ಬೆಕ್ಕೊಂದು ಬೆಚ್ಚಿ ಕಿರುಚಿತು. "ಅವನು ಸಾಯ್ತಾ ಇದ್ದಾನೆ. ಪ್ಲಾಸ್ಟಿಕ್ಕಿನ ಪುರಾಣ ಆಮೇಲೆ ಓದಿ. ಹೋಳಿಗೆ ಎಷ್ಟು ಹಾಕಿದ್ರಿ, ಯಾರು ಹಾಕಿದ್ರಿ, ಅದೊಂದು ಹೇಳಿ!"

ಗಂಡ ನೆಲ ನೋಡಿದರು. ಮಗಳು ಅಳತೊಡಗಿದಳು. ಅತ್ತೆ ಸ್ವೆಟರಿನ ತೋಳನ್ನು ಎಳೆದು ಎಳೆದು ಬೆರಳು ಮುಚ್ಚಿಕೊಳ್ಳುತ್ತಿದ್ದರು. ತುಂಬಾ ಜಿಡ್ಡು ತಿಂದಿದ್ದಾನೆ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಿಗೆ ಅದು ಆಗಲೇ ಗೊತ್ತಾಗಿತ್ತು. ಮೇದೋಜೀರಕ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳಲು ಹೊರಟಿದೆ, ತೆಳ್ಳಗಿನ ನಾಯಿಯಾದರೆ ತಡೆದುಕೊಳ್ಳುತ್ತಿತ್ತೇನೋ, ಇಷ್ಟು ಕೊಬ್ಬಿರುವಾಗ ಕಷ್ಟ ಎಂದ. ಡ್ರಿಪ್ ಹಾಕಿದರು. ಬುಧವಾರದ ಹೊತ್ತಿಗೆ ಮೂತ್ರ ನಿಂತಿತು. ಇನ್ನು ನರಳಿಸುವುದು ಬೇಡ ಎಂದು ಡಾಕ್ಟರು ಹೇಳಿದಾಗ ಒಪ್ಪಿಗೆ ಕೊಟ್ಟವಳು ನಾನು. ಆ ಸೂಜಿಯನ್ನು ನಾನು ಊರಿನಲ್ಲಿ ಎಷ್ಟೋ ಪ್ರಾಣಿಗಳಿಗೆ ಚುಚ್ಚಿದ್ದೇನೆ. ಅವನ ತಲೆ ನನ್ನ ಮಡಿಲಿನಲ್ಲಿತ್ತು. ಅತ್ತೆ ಅವನ ಕಿವಿಯನ್ನು ಸವರುತ್ತ, "ಮರೀ, ಮರೀ" ಎನ್ನುತ್ತಲೇ ಇದ್ದರು, ಅವನು ಹೋದ ಮೇಲೂ.

ಮನೆಗೆ ಬಂದ ಮೇಲೆ ಗಂಡ ಫೋನು ಹಿಡಿದು ಕೂತರು. ಅತ್ತು ಕಣ್ಣು ಕೆಂಪಾಗಿತ್ತು, ಆದರೂ ಬೆರಳು ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋನು ಟಿಂಗ್ ಟಿಂಗ್ ಎನ್ನತೊಡಗಿತು.

"ಏನೋ ಅದು?" ಎಂದು ಅತ್ತೆ ಕೇಳಿದರು.

"ಗ್ರೂಪಿಗೆ ತಿಳಿಸ್ದೆ ಅಮ್ಮ. ಎಲ್ಲರೂ ಕಂಡೋಲೆನ್ಸ್ ಹಾಕ್ತಿದಾರೆ."

"ಏನಂತ ತಿಳಿಸ್ದೆ? ಓದು."

ಗಂಡ ಗಂಟಲು ಸರಿಮಾಡಿಕೊಂಡು ಓದಿದರು. ನಮ್ಮ ಮುದ್ದು ಮಗು ಇಂದು ಮೈಕ್ರೋಪ್ಲಾಸ್ಟಿಕ್ಕಿನ ದುಷ್ಪರಿಣಾಮಕ್ಕೆ ಬಲಿಯಾಯಿತು, ದಯವಿಟ್ಟು ನಿಮ್ಮ ಮನೆಯ ಪ್ರಾಣಿಗಳನ್ನು ಕಾಪಾಡಿಕೊಳ್ಳಿ ಎಂದು ಬರೆದಿದ್ದರು. ಕೆಳಗೆ ಸಾಲು ಸಾಲು ಮುಗಿದ ಕೈಗಳು. ಯಾವ ಕಂಪನಿಯ ಬೌಲು ಎಂದು ಒಬ್ಬರು ಕೇಳಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. "ಅಳಿಸು ಅದನ್ನ."

"ಅಮ್ಮ..."

"ಅಳಿಸು ಅಂದೆ. ನಾನು ಹಾಕ್ದೆ ಅಂತ ಬರಿ. ನೀನು ಕೆಳಗೆ ಬಾಗ್ಲು ಹಾಕ್ಕೊಂಡು ಕೂತಿರ್ತಿದ್ದೆ. ಇವಳು ರೈಲಲ್ಲಿ, ಮಗು ಸ್ಕೂಲಲ್ಲಿ. ಈ ಮನೇಲಿ ಮಧ್ಯಾಹ್ನ ನನ್ ಜೊತೆ ಕೂತು ಉಂಡೋನು ಅವನೊಬ್ನೇ. ತುಪ್ಪ ಕಲಸಿ ಕೈಯಾರೆ ತುತ್ತು ಮಾಡಿ ಹಾಕ್ದೆ. ಮೊನ್ನೆ ಹೋಳಿಗೇನೂ ನಾನೇ ಹಾಕಿದ್ದು, ಡಬ್ಬಿ ಖಾಲಿ ಆಗೋವರ್ಗೂ. ಬೇಡ ಬೇಡ ಅಂತ ಇವಳು ಬಾಯಿ ಬಡ್ಕೊಂಡ್ಳು, ನಾನು ಕೇಳಲಿಲ್ಲ."

"ಜನ ಏನಂದ್ಕೊಳ್ತಾರಮ್ಮ?"

"ಏನ್ ಬೇಕಾದ್ರೂ ಅಂದ್ಕೊಳ್ಳಲಿ. ಅವನಿಗೆ ಉಣ್ಸಿದೋಳು ನಾನು, ಸಾಯ್ಸಿದೋಳೂ ನಾನು. ಅದನ್ನ ತಗೊಂಡ್ಹೋಗಿ ಯಾವ್ದೋ ಪ್ಲಾಸ್ಟಿಕ್ಕಿಗೆ ಕೊಡ್ತೀಯೇನೋ? ಅದು ಅವನನ್ನ ಒಂದು ದಿನ ಆದ್ರೂ ಬಾ ಮರಿ ಊಟಕ್ಕೆ ಅಂತ ಕರೆದಿತ್ತಾ?"

ಎರಡು ವರ್ಷದಿಂದ ನನ್ನ ನಾಲಿಗೆಯ ಮೇಲೆ ಕೂತಿದ್ದ ಬೈಗುಳಗಳೆಲ್ಲ ಆ ಹೊತ್ತಿಗೆ ಎಲ್ಲಿ ಹೋದವೋ. ಗಂಡ ಹಳೆಯದನ್ನು ಅಳಿಸಿ, ಕಣ್ಣು ಒರೆಸಿಕೊಂಡು ಹೊಸದಾಗಿ ಬರೆದರು: ನಮ್ಮ ನಾಯಿ ತೀರಿಕೊಂಡಿತು. ನಾವೆಲ್ಲ ಸೇರಿ ಅದಕ್ಕೆ ಅತಿಯಾಗಿ ತಿನ್ನಿಸಿದೆವು. ನಾನೂ ತಿನ್ನಿಸಿದೆ.

ಆ ಗುಂಪಿನಲ್ಲಿ ನಾನೂ ಇದ್ದೇನೆ, ದಿನಾ ಗುಲಾಬಿ ಹೂವು ಬರುತ್ತದೆ. ಆ ಮೆಸೇಜಿಗೆ ಮಾತ್ರ ಈವರೆಗೆ ಒಬ್ಬರೂ ಕೈ ಮುಗಿದಿಲ್ಲ.